ಕೃಷ್ಣಪ್ಪನವರು ಚೀನೀ ಚಿತ್ರ ವಿವರಿಸಿದ್ದು

ಕೃಷ್ಣಪ್ಪನವರಿಗೆ ಚೀನೀ ಭಾಷೆ ಬರುತ್ತದೆ ಎಂಬ ಸಂಗತಿ ಮೈಸೂರಿಗೆ ತಿಳಿದದ್ದು ಒಂದು ಭಾನುವಾರ ಮಧ್ಯಾಹ್ನ, ಒಬ್ಬಟ್ಟಿಗೆ ತುಪ್ಪ ಬಡಿಸುವ ಹೊತ್ತಿಗೆ. ಅಲ್ಲಿಯವರೆಗೆ ಅದು ಸ್ವತಃ ಕೃಷ್ಣಪ್ಪನವರಿಗೂ ತಿಳಿದಿರಲಿಲ್ಲ.

ನಜರ್‌ಬಾದಿನಲ್ಲಿ ಅವರದು ಸೀರಿಯಲ್ ಸೆಟ್ ಅಂಗಡಿ. ಮದುವೆ ಮನೆಯ ಮುಂದೆ ಮಿಣುಕುವ, ದಸರಾ ಬಂದರೆ ಬೀದಿಯುದ್ದಕ್ಕೂ ಉರಿಯುವ ಬಣ್ಣದ ಬಲ್ಬಿನ ಸರಗಳನ್ನು ನಮ್ಮಲ್ಲಿ ಹಾಗೆ ಕರೆಯುತ್ತಾರೆ. ಆ ಸರಗಳೆಲ್ಲ ಬರುವುದು ಚೀನಾದಿಂದ. ಹಾಗಾಗಿ ಕೆಲವು ವರ್ಷಗಳ ಹಿಂದೆ ಬಲ್ಬು, ವೈರಿನ ವ್ಯಾಪಾರಿಗಳ ತಂಡವೊಂದರ ಜೊತೆ ಅವರೂ ವಿಮಾನ ಹತ್ತಿ ಅಲ್ಲಿಯ ವಸ್ತುಪ್ರದರ್ಶನ ನೋಡಿಬಂದಿದ್ದರು. ಆ ಇಡೀ ಯಾತ್ರೆಯಲ್ಲಿ ಮನೆಯಿಂದ ಒಯ್ದ ಗೊಜ್ಜವಲಕ್ಕಿ, ಚಕ್ಕುಲಿ ಬಿಟ್ಟು ಬೇರೇನನ್ನೂ ಬಾಯಿಗಿಡಲಿಲ್ಲ. ಕ್ಯಾಲ್ಕುಲೇಟರ್ ಒತ್ತಿ ತೋರಿಸಿ ತಲೆ ಅಲ್ಲಾಡಿಸಿದ್ದು ಬಿಟ್ಟು ಬೇರೇನನ್ನೂ ಮಾತಾಡಲಿಲ್ಲ. ಅಲ್ಲಿ ಆಡದೆ ಉಳಿದ ಮಾತನ್ನೆಲ್ಲ ಊರಿಗೆ ಬಂದಮೇಲೆ ಆಡಿ ಮುಗಿಸಿದರು. ಚೀನಾದಲ್ಲಿ ರಸ್ತೆ ಹೇಗೆ, ಚೀನಾದಲ್ಲಿ ಚರಂಡಿ ಹೇಗೆ, ಚೀನಾದವರು ಸೀನುವಾಗ ಕೈ ಎಲ್ಲಿಟ್ಟುಕೊಳ್ಳುತ್ತಾರೆ, ಎಲ್ಲವೂ ನಜರ್‌ಬಾದಿಗೆ ಬಾಯಿಪಾಠವಾಯಿತು. ಜನ ಅವರನ್ನು ಚೀನಾ ಕೃಷ್ಣಪ್ಪ ಎಂದು ಕರೆಯತೊಡಗಿದರು. ಅವರು ಅದನ್ನು ಬಿರುದೆಂದೇ ಸ್ವೀಕರಿಸಿದರು.

ಆ ಭಾನುವಾರ ಅವರು ಕೂತಿದ್ದದ್ದು ಜಯಲಕ್ಷ್ಮಿಪುರಂನಲ್ಲಿ, ಷಡ್ಡಕ ವಿಜಯ್‌ಕುಮಾರರ ಮನೆಯ ಸತ್ಯನಾರಾಯಣ ಪೂಜೆಯ ಪಂಕ್ತಿಯಲ್ಲಿ. ವಿಜಯ್‌ಕುಮಾರ್ ಕಾಲೇಜಿನಲ್ಲಿ ಪಾಠ ಮಾಡಿ ನಿವೃತ್ತರಾದವರು, ಬಡಾವಣೆಯ ಫಿಲ್ಮ್ ಸೊಸೈಟಿಯ ಕಾರ್ಯದರ್ಶಿ. ಅವರ ಹೆಂಡತಿ ಪ್ರೇಮಲೀಲಾ, ಕೃಷ್ಣಪ್ಪನವರ ಹೆಂಡತಿ ಚಾಮುಂಡೇಶ್ವರಿಯ ಸ್ವಂತ ಅಕ್ಕ. ಒಂದೇ ಮನೆಯ ಇಬ್ಬರು ಹೆಣ್ಣುಮಕ್ಕಳಲ್ಲಿ ಒಬ್ಬಳು ವಿದ್ವಾಂಸನನ್ನೂ ಇನ್ನೊಬ್ಬಳು ಬಲ್ಬಿನವನನ್ನೂ ಕೈಹಿಡಿದರೆ ಹಬ್ಬ ಹರಿದಿನಗಳಲ್ಲಿ ಏನೇನು ಮಾತು ಕೇಳಬೇಕಾಗುತ್ತದೋ ಅದನ್ನೆಲ್ಲ ಚಾಮುಂಡೇಶ್ವರಿ ಮದುವೆಯಾದಾಗಿನಿಂದ ಕೇಳಿಕೊಂಡು ಬಂದಿದ್ದರು.

"ಈ ಸಲ ಹಳೇ ಚೀನೀ ಸಿನಿಮಾ ಹಾಕ್ತಾ ಇದೀವಿ" ಎಂದರು ವಿಜಯ್‌ಕುಮಾರ್, ಎಲೆಯ ಮೇಲಿನ ಕೋಸಂಬರಿಯನ್ನು ಉದ್ದೇಶಿಸಿ. "ತೊಂಬತ್ತು ವರ್ಷದ ಹಿಂದಿನವು. ಎಂಥಾ ಕಲೆ ಅಂತೀರಿ. ನಮ್ಮ ಜನಕ್ಕೆ ಚೀನಾ ಅಂದ್ರೆ ಬರೀ ಮಿಣಮಿಣ ಲೈಟು ಅಂತ ಆಗ್ಬಿಟ್ಟಿದೆ."

ತುಪ್ಪದ ಗಿಂಡಿ ಹಿಡಿದು ಬಂದ ಪ್ರೇಮಲೀಲಾ ನಕ್ಕರು. "ಸುಮ್ನಿರೀಂದ್ರೆ. ಕೃಷ್ಣಪ್ಪನವರಿಗೆ ಅದೆಲ್ಲ ಯಾಕೆ ಹೇಳ್ತೀರಿ, ಪಾಪ. ಅವರದೇನಿದ್ರೂ ವೈರು, ಹೋಲ್ಡರು."

ಕೃಷ್ಣಪ್ಪನವರು ತಲೆಯೆತ್ತಿದರು. ಎದುರು ಸಾಲಿನಲ್ಲಿ ಚಾಮುಂಡೇಶ್ವರಿ ಪಲ್ಯದ ಪಾತ್ರೆ ಹಿಡಿದು ನಿಂತಿದ್ದರು. ಅವರ ಕಣ್ಣು ನೆಲ ನೋಡುತ್ತಿತ್ತು. ಅದನ್ನು ಕಂಡು ಕೃಷ್ಣಪ್ಪನವರು ಬಾಯಿಗೊಯ್ಯುತ್ತಿದ್ದ ಒಬ್ಬಟ್ಟನ್ನು ಎಲೆಗೇ ಇಟ್ಟರು.

"ಆ ಸಿನಿಮಾಗಳ್ನೆಲ್ಲ ನಾನು ಅಲ್ಲೇ ನೋಡ್ಬುಟ್ಟಿದೀನಿ ಬುಡಿ ವಿಜಯಣ್ಣ" ಎಂದರು.

"ಅಲ್ಲೇ ಅಂದ್ರೆ?"

"ಚೀನಾದಲ್ಲಿ."

"ಭಾಷೆ?"

"ಭಾಷೆ ಬರದೆ ವ್ಯಾಪಾರ ಆಗ್ತದಾ? ಓದೋದು, ಮಾತಾಡೋದು, ಎಲ್ಲಾನೂ ಕಲ್ತೇ ಬಂದಿದ್ದು."

ಪಂಕ್ತಿಯಲ್ಲಿ ಊಟ ನಿಂತಿತು. ಅಡುಗೆಯವರು ಕೂಡ ಸೌಟು ಹಿಡಿದು ಬಾಗಿಲಿಗೆ ಬಂದರು. ಚಾಮುಂಡೇಶ್ವರಿ ಮೆಲ್ಲನೆ ಮುಖವೆತ್ತಿ, ಅಕ್ಕನನ್ನು ದಾಟಿ ಬಂದು, ಸಕ್ಕರೆ ಕಾಯಿಲೆಯ ಗಂಡನ ಎಲೆಗೆ ತಾವೇ ಇನ್ನೊಂದು ಒಬ್ಬಟ್ಟು ಹಾಕಿದರು. ಇಷ್ಟು ವರ್ಷಗಳ ಸಂಸಾರದಲ್ಲಿ ಹೀಗಾದದ್ದು ಇದೇ ಮೊದಲು. ಅಂದಿನಿಂದ ಹೆಂಡತಿಯ ಎತ್ತಿದ ತಲೆ ತಗ್ಗದಂತೆ ನೋಡಿಕೊಳ್ಳುವುದು ಕೃಷ್ಣಪ್ಪನವರ ಜವಾಬ್ದಾರಿಯಾಯಿತು.

ಮಾತು ಅಲ್ಲಿಗೇ ಮುಗಿದಿದ್ದರೆ ಅವರು ನಿಶ್ಚಿಂತೆಯಿಂದ ಮುದುಕರಾಗುತ್ತಿದ್ದರೇನೋ. ಆದರೆ ವಾರದೊಳಗೆ ವಿಜಯ್‌ಕುಮಾರರ ಫೋನು ಬಂತು. ಫೋನೆತ್ತಿದವರು ಚಾಮುಂಡೇಶ್ವರಿ. ಚೀನೀ ಬಲ್ಲ ಮೇಷ್ಟ್ರೊಬ್ಬರು ಬೆಂಗಳೂರಿನಿಂದ ಬರಬೇಕಿತ್ತಂತೆ, ಅವರಿಗೆ ಜ್ವರವಂತೆ. ಚಿತ್ರದ ಪ್ರತಿಯಲ್ಲಿ ಇಂಗ್ಲಿಷ್ ಇಲ್ಲವಂತೆ. ನಡುನಡುವೆ ಚೀನೀ ಅಕ್ಷರದ ಫಲಕ ಬರುತ್ತದಂತೆ. ಮೈಕು ಹಿಡಿದು ಅದನ್ನು ಓದಿ ಕನ್ನಡದಲ್ಲಿ ಹೇಳುವವರು ಬೇಕಂತೆ.

"ಮುಖ್ಯ ಅತಿಥಿಗಳನ್ನ ಕರೆದಾಗಿದೆ. ಈಗ ಕೃಷ್ಣಪ್ಪನವರೇ ಗತಿ" ಎಂದಿತು ಫೋನು.

"ಬರ್ತಾರೆ ಭಾವ. ಬರದೆ ಏನು" ಎಂದು ಚಾಮುಂಡೇಶ್ವರಿ ಫೋನಿಟ್ಟರು.

ಕೃಷ್ಣಪ್ಪನವರಿಗೆ ಸತ್ಯ ಹೇಳಿಬಿಡೋಣವೆನ್ನಿಸಿತು. "ಚಾಮು, ಒಂದು ವಿಷಯ" ಎಂದು ಶುರು ಮಾಡಿದರು. ಚಾಮುಂಡೇಶ್ವರಿ ತಿರುಗಿ ನೋಡಿದರು. ಆ ಮುಖದಲ್ಲಿದ್ದ ಸಂತೋಷವನ್ನು ಕಂಡ ಯಾರಿಗೂ ಸತ್ಯ ಹೇಳುವುದು ಸಾಧ್ಯವಿರಲಿಲ್ಲ. "ಯಾವ ಶರ್ಟು ಹಾಕ್ಕೊಳ್ಳಲಿ?" ಎಂದಷ್ಟೇ ಕೃಷ್ಣಪ್ಪನವರು ಕೇಳಿದರು.

ಆದರೆ ಕೃಷ್ಣಪ್ಪನವರು ಬಹಳ ಹೊತ್ತು ಹೆದರಿಕೊಂಡಿರುವ ಜಾಯಮಾನದವರಲ್ಲ. ಸಂಜೆಯ ಕಾಫಿ ಮುಗಿಯುವುದರೊಳಗೆ ಅವರಿಗೆ ಧೈರ್ಯ ಬಂತು. ತಪ್ಪು ಹಿಡಿಯಬೇಕಾದರೆ ಸರಿ ಗೊತ್ತಿರುವವನು ಬೇಕಲ್ಲವೇ? ಆ ಜ್ವರದ ಮೇಷ್ಟ್ರು ಬೆಂಗಳೂರಿನಲ್ಲಿ ಮಲಗಿದ್ದಾರೆ. ಮೈಸೂರಿನಲ್ಲಿ ಚೀನೀ ಬಲ್ಲವರು ಯಾರೂ ಇಲ್ಲ. ಅಂದಮೇಲೆ ಮೈಸೂರಿನ ಮಟ್ಟಿಗೆ ತಾವು ಹೇಳಿದ್ದೇ ಚೀನೀ. ಈ ತರ್ಕದಲ್ಲಿ ಅವರಿಗೆ ಎಲ್ಲಿಯೂ ತೂತು ಕಾಣಲಿಲ್ಲ.

ಅವರ ಧೈರ್ಯವನ್ನು ಗಟ್ಟಿ ಮಾಡಿದವರು ಪಕ್ಕದ ಮನೆಯ ಮಂಗಳಮ್ಮ. ಸುದ್ದಿ ಕೇಳಿದ್ದೇ ಮಗಳು ಎಲ್ಲಿಂದಲೋ ತಂದುಕೊಟ್ಟಿದ್ದ ಒಂದು ಪುಟ್ಟ ಡಬ್ಬ ಹಿಡಿದು ಬಂದರು. ಮೇಲೆ ಪೂರ್ತಿ ಚೀನೀ ಅಕ್ಷರ. ಕೃಷ್ಣಪ್ಪನವರು ಕನ್ನಡಕ ಏರಿಸಿ, ಡಬ್ಬವನ್ನು ಬೆಳಕಿಗೆ ಹಿಡಿದು, ಮಂಗಳಮ್ಮ ಕುಂಟುತ್ತ ಬಂದದ್ದನ್ನು ನೆನೆದು ಓದಿದರು: "ಮಂಡಿನೋವಿಗೆ. ಮಲಗೋ ಮುಂದೆ ಹಚ್ಚಿ, ಬೆಳಿಗ್ಗೆ ಬಿಸಿನೀರಲ್ಲಿ ತೊಳೀಬೇಕು." ಮಂಗಳಮ್ಮ ಹಚ್ಚಿದರು, ತೊಳೆದರು, ಮರುದಿನ ನೆಟ್ಟಗೆ ನಡೆದುಕೊಂಡು ಬೀದಿಯ ಮನೆಮನೆಗೂ ಹೋಗಿ ಹೇಳಿಬಂದರು. ಅದು ತಲೆಕೂದಲಿಗೆ ಹಚ್ಚುವ ಕ್ರೀಮೆಂದು ಆಮೇಲೆ ಮಗಳಿಂದ ತಿಳಿಯಿತು. ಅಷ್ಟರಲ್ಲಿ ನೋವು ಹೋಗಿಬಿಟ್ಟಿತ್ತು. ಇನ್ನೇನು ಮಾಡಲಾಗುತ್ತದೆ?

ಆಮೇಲೆ ಅಂಗಡಿಗೆ ಗರಡಿಮನೆಯ ಜವರಪ್ಪ ಬಂದ. ಗರಡಿಯ ಹುಡುಗರಿಗೆ ಕುಸ್ತಿ ಹೇಳಿಕೊಡುವ ಪೈಲ್ವಾನ, ಬಾಗಿಲಲ್ಲಿ ನಿಂತರೆ ಅಂಗಡಿಗೆ ಕತ್ತಲಾಗುವಂಥ ಆಳು.

"ಕೃಷ್ಣಪ್ಪಣ್ಣ, ನೀವು ತೋರ್ಸೋ ಪಿಚ್ಚರಲ್ಲಿ ಫೈಟಿಂಗ್ ಅದಾ?"

"ಚೀನಾ ಪಿಚ್ಚರು ಅಂದ್ಮೇಲೆ ಫೈಟಿಂಗ್ ಇಲ್ದೆ ಇರ್ತದೇನಯ್ಯ?" ಎಂದರು ಕೃಷ್ಣಪ್ಪನವರು. "ಒಬ್ಬೊಬ್ಬ ಹತ್ತತ್ತು ಜನಕ್ಕೆ ಹೊಡೀತಾನೆ. ಮರದ ಮೇಲೆಲ್ಲ ಹಾರ್ತಾನೆ."

"ಅಂಗಾದ್ರೆ ಹುಡುಗ್ರುನ್ನೂ ಕರ್ಕೊಬತ್ತೀನಿ. ಪಟ್ಟು ಕಲ್ತ್ಕೊಳ್ಳಿ" ಎಂದ ಜವರಪ್ಪ.

ಇನ್ನುಳಿದವರು ಕೃಷ್ಣಪ್ಪನವರ ತಾಯಿ ಬೆಟ್ಟಮ್ಮ. ಅವರ ಕಿವಿ ಹೋಗಿ ಬಹಳ ಕಾಲವಾಗಿತ್ತು. ಮಿಷನ್ನು ತಂದುಕೊಟ್ಟರೆ, ಅದು ಕಿವಿಯಲ್ಲಿ ಜೀರುಂಡೆ ಬಿಟ್ಟಂತೆ ಕೂಗುತ್ತದೆಂದು ತೆಗೆದು ಉಪ್ಪಿನಕಾಯಿ ಜಾಡಿಯ ಹಿಂದೆ ಇಟ್ಟಿದ್ದರು. ಟೀವಿಯಲ್ಲಿ ದಿನಾ ಧಾರಾವಾಹಿ ನೋಡುವರು. ಒಂದಕ್ಷರ ಕೇಳಿಸದಿದ್ದರೂ ಯಾವ ಸೊಸೆ ಯಾರ ಹಾಲಿಗೆ ಏನು ಬೆರೆಸುತ್ತಾಳೆಂದು ವಾರ ಮೊದಲೇ ಹೇಳಿಬಿಡುವರು. ಚಿತ್ರದ ದಿನ ಮನೆಯವರೆಲ್ಲ ಇಸ್ತ್ರಿ ಮಾಡಿದ ಬಟ್ಟೆ ಹಾಕುತ್ತಿರುವುದನ್ನು ಕಂಡು ಅವರೂ ಪೆಟ್ಟಿಗೆಯಿಂದ ರೇಷ್ಮೆ ಸೀರೆ ತೆಗೆದರು.

"ಅವ್ವ, ಅದು ಚೀನಾ ಸಿನಿಮಾ. ನಿಂಗೆ ಅರ್ಥ ಆಗಲ್ಲ" ಎಂದು ಕೃಷ್ಣಪ್ಪನವರು ಕೂಗಿದರು.

"ಆಟೋದಲ್ಲಿ ನಾನು ಮುಂದ್ಕೂರ್ತೀನಿ" ಎಂದರು ಬೆಟ್ಟಮ್ಮ.

ಜಯಲಕ್ಷ್ಮಿಪುರಂನ ಸಭಾಂಗಣ ಅಂದು ತುಂಬಿತ್ತು. ಫಿಲ್ಮ್ ಸೊಸೈಟಿಯ ಸದಸ್ಯರು ಸಾಮಾನ್ಯವಾಗಿ ಎಷ್ಟು ಮಂದಿ ಬರುತ್ತಾರೋ ಅಷ್ಟು ಮಂದಿಗೆ ಕುರ್ಚಿ ಹಾಕಿದ್ದರು. ಆ ಕುರ್ಚಿಗಳಲ್ಲೆಲ್ಲ ನಜರ್‌ಬಾದ್ ಕೂತಿತ್ತು. ಮುಂದಿನ ಸಾಲಿನಲ್ಲಿ ಮುಖ್ಯ ಅತಿಥಿ ಸುಂದರೇಶ, ಸರ್ಕಾರಿ ಅಧಿಕಾರಿ, ಸೊಸೈಟಿಗೆ ಅನುದಾನ ಕೊಡಬೇಕೋ ಬೇಡವೋ ಎಂದು ಶಿಫಾರಸು ಮಾಡುವವರು. ಅವರ ಪಕ್ಕ ಬೆಟ್ಟಮ್ಮ. ಆಚೆಗೆ ಜವರಪ್ಪ ಮತ್ತು ಅವನ ಶಿಷ್ಯರು, ಒಬ್ಬೊಬ್ಬರೂ ಒಂದೂವರೆ ಕುರ್ಚಿಯ ಪ್ರಕಾರ. ಹಿಂದಿನ ಸಾಲಿನಲ್ಲಿ ಅಕ್ಕತಂಗಿಯರು. ಸದಸ್ಯರು ಗೋಡೆಗೊರಗಿ ನಿಂತರು.

ಪ್ರಾರ್ಥನೆ ಆಯಿತು, ದೀಪ ಬೆಳಗಿದ್ದಾಯಿತು. ವೇದಿಕೆಯ ಒಂದು ಬದಿಯಲ್ಲಿ ಕೃಷ್ಣಪ್ಪನವರಿಗೆ ಕುರ್ಚಿ, ಮೈಕು, ಫಲಕ ತೋರಿಸಲು ಒಂದು ಕೋಲು. ಸಭಾಂಗಣದ ಲೈಟು ಆರಿಸಿದರು. ಪರದೆಯ ಮೇಲೆ ಕಪ್ಪು ಬಿಳುಪಿನಲ್ಲಿ ಒಂದು ನದಿ, ಒಂದು ಓಣಿ, ಕಾಗದದ ಲಾಟೀನು ಮಾಡುತ್ತ ಕೂತ ಒಬ್ಬ ಮುದುಕಿ ಮತ್ತು ಒಬ್ಬ ಹುಡುಗಿ ಕಾಣಿಸಿಕೊಂಡರು. ಮುದುಕಿ ಬಾಯಿ ಆಡಿಸಿದಳು. ಸದ್ದಿಲ್ಲ. ಹುಡುಗಿ ಬಾಯಿ ಆಡಿಸಿದಳು. ಸದ್ದಿಲ್ಲ.

ಕೃಷ್ಣಪ್ಪನವರಿಗೆ ತಟ್ಟನೆ ಜೀವ ಬಂತು. ಇದು ಅವರಿಗೆ ನಿಜವಾಗಿಯೂ ಗೊತ್ತಿರುವ ವಿಷಯ. "ನಿಲ್ಸಿ, ನಿಲ್ಸಿ. ಸ್ಪೀಕರ್ ಲೈನ್ ಕಟ್ ಆಗ್ಬುಟ್ಟದೆ" ಎನ್ನುತ್ತ ಎದ್ದು, ಸ್ಪೀಕರಿನ ಹಿಂದೆ ಮಂಡಿಯೂರಿ, ವೈರು ಕಿತ್ತು ಹಲ್ಲಿನಲ್ಲಿ ಸುಲಿಯತೊಡಗಿದರು.

ವಿಜಯ್‌ಕುಮಾರ್ ಓಡಿಬಂದು ಕಿವಿಯಲ್ಲಿ ಹೇಳಿದರು: "ಕೃಷ್ಣಪ್ಪನವರೇ, ಇದು ಮೂಕಿ ಚಿತ್ರ. ಇದರಲ್ಲಿ ಸೌಂಡೇ ಇಲ್ಲ. ನೀವು ನೋಡಿದೀರಲ್ಲ?"

ಕೃಷ್ಣಪ್ಪನವರು ವೈರನ್ನು ಬಾಯಿಂದ ತೆಗೆದರು. "ಗೊತ್ತು ವಿಜಯಣ್ಣ. ನನ್ನ ಮೈಕಿಗೆ ಕರೆಂಟ್ ಬತ್ತಾ ಅದಾ ಅಂತ ನೋಡ್ದೆ" ಎಂದು ಮತ್ತೆ ಜೋಡಿಸಿ, ಪ್ಯಾಂಟು ಕೊಡವಿಕೊಂಡು ಗಂಭೀರವಾಗಿ ಬಂದು ಕೂತರು. ಇಷ್ಟು ಚೊಕ್ಕಟವಾಗಿ ಕೆಲಸ ಮಾಡುವ ಪಂಡಿತರನ್ನು ತಾವು ಕಂಡಿಲ್ಲವೆಂದು ಸುಂದರೇಶ ಪಕ್ಕದ ಬೆಟ್ಟಮ್ಮನವರಿಗೆ ಹೇಳಿದರು. ಬೆಟ್ಟಮ್ಮ ಪರದೆಯಿಂದ ಕಣ್ಣು ತೆಗೆಯಲಿಲ್ಲ.

ಮೊದಲ ಫಲಕ ಬಂತು. ಮೇಲಿಂದ ಕೆಳಕ್ಕೆ ಎರಡೇ ಎರಡು ಅಕ್ಷರ. ಕೃಷ್ಣಪ್ಪನವರು ಕೋಲು ಎತ್ತಿ ಹಿಡಿದು ಕಂಚಿನ ಕಂಠದಲ್ಲಿ ಓದಿದರು: "ಒಂದಾನೊಂದು ಊರು. ಆ ಊರಲ್ಲಿ ಒಬ್ಬಳು ಬಡ ಸೊಸೆ. ಅವಳಿಗೊಬ್ಬಳು ಅತ್ತೆ. ಆ ಅತ್ತೆ ಬಜಾರಿ, ಮಹಾ ಜಿಪುಣಿ. ಸೊಸೆಗೆ ಊರಿಗಿಲ್ಲದ ಕಾಟ ಕೊಡ್ತಾ ಇದ್ಲು."

"ಎರಡಕ್ಷರದಲ್ಲಿ ಇಷ್ಟೊಂದಾ?" ಎಂದು ಗೋಡೆಗೊರಗಿದ್ದ ಸದಸ್ಯರೊಬ್ಬರು ಕೇಳಿದರು.

"ಚೀನೀ ಅಕ್ಷರ ಹಂಗೇ ಸಾರ್. ಅರ್ಥ ಎಲ್ಲ ಮಡಚಿ ಇಟ್ಟಿರ್ತಾರೆ. ಬಿಚ್ಚಿದ್ರೆ ಉದ್ದ ಆಗ್ತದೆ."

"ಬಹಳ ಪ್ರಾಚೀನ ಭಾಷೆ" ಎಂದು ಸುಂದರೇಶ ತಲೆದೂಗಿದರು. ಅಧಿಕಾರಿಯೇ ತಲೆದೂಗಿದ ಮೇಲೆ ಸದಸ್ಯರು ಮತ್ತೆ ಕೇಳಲಿಲ್ಲ.

ಪರದೆಯ ಮೇಲೆ ಊಟದ ಹೊತ್ತು. ಹುಡುಗಿ ಬಟ್ಟಲು ಬಾಯಿಗಿಡುವಷ್ಟರಲ್ಲಿ ಮುದುಕಿ ಅದನ್ನು ಕಿತ್ತುಕೊಂಡು, ಬೈದು, ತನ್ನ ಬಟ್ಟಲನ್ನು ಅವಳ ಮುಂದೆ ಕುಕ್ಕಿದಳು. "ನೋಡಿ, ನೋಡಿ" ಎಂದರು ಕೃಷ್ಣಪ್ಪನವರು. "ತಿನ್ನೋ ಅನ್ನಾನೂ ಕಿತ್ಕೊಂಡ್ಬುಟ್ಲು." ನಜರ್‌ಬಾದಿನ ಸೊಸೆಯರೆಲ್ಲ ಲೊಚಗುಟ್ಟಿದರು. ಮಂಗಳಮ್ಮ ಹಿಂದಿನಿಂದ ಶಾಪ ಹಾಕಿದರು.

ಆಮೇಲೆ ಟೋಪಿ ಹಾಕಿದ ಒಬ್ಬ ಯುವಕ ಬಂದ. ಮುದುಕಿ ಒಳಗೆ ಹೋದಾಗ ಹುಡುಗಿಯ ಕೈಗೆ ಬಟ್ಟೆಯ ಗಂಟೊಂದನ್ನು ಕೊಟ್ಟ. ಹುಡುಗಿ ಅದನ್ನು ಎದೆಗೊತ್ತಿಕೊಂಡು ಕಣ್ಣೊರೆಸಿಕೊಂಡಳು. ಫಲಕ ಬಂತು. ಕೃಷ್ಣಪ್ಪನವರು ಒಂದು ಕ್ಷಣವೂ ತಡವರಿಸಲಿಲ್ಲ. ಗಂಟು ಹಿಡಿದು ಬಂದ ಗಂಡಸು ಯಾರೆಂದು ಹಳೇ ಮೈಸೂರಿನವರಿಗೆ ಹೇಳಿಕೊಡಬೇಕೇ?

"ತಂಗೀ, ಗೌರಿ ಹಬ್ಬಕ್ಕೆ ತವರುಮನೆ ಬಾಗಿನ ತಂದಿದೀನಿ. ಅಪ್ಪ ಅವ್ವ ಚೆನ್ನಾಗವ್ರೆ. ನೀನು ಅಳಬ್ಯಾಡ."

ಹೆಂಗಸರ ಕಡೆಯಿಂದ ಮೂಗು ಸೇದುವ ಸದ್ದು ಕೇಳಿಸಿತು. "ಅಲ್ಲೂ ಗೌರಿ ಹಬ್ಬ ಇದೆ ಅಂತ ನನಗೆ ಗೊತ್ತೇ ಇರಲಿಲ್ಲ" ಎಂದು ಸುಂದರೇಶ ಬೆರಗಾದರು. ಹಿಂದಿನ ಸಾಲಿನಲ್ಲಿ ಚಾಮುಂಡೇಶ್ವರಿ ಅಕ್ಕನ ಕಡೆಗೆ ಒಮ್ಮೆ ನೋಡಿ, ಸೆರಗು ಸರಿಮಾಡಿಕೊಂಡು ಬೆನ್ನು ನೆಟ್ಟಗೆ ಮಾಡಿ ಕೂತರು. ವೇದಿಕೆಯಿಂದ ಇದನ್ನು ಕಂಡ ಕೃಷ್ಣಪ್ಪನವರಿಗೆ ಇನ್ನೆರಡು ಚಿತ್ರ ವಿವರಿಸುವಷ್ಟು ಹುಮ್ಮಸ್ಸು ಬಂತು.

ಅಷ್ಟರಲ್ಲಿ ಪರದೆಯ ಮೇಲೆ ಮದುವೆ ಶುರುವಾಯಿತು. ಓಲಗದವರು ಬಂದರು, ಲಾಟೀನುಗಳು ತೂಗಿದವು, ನೆಂಟರು ಉಂಡರು. ಮದುಮಗಳು ಆ ಹುಡುಗಿ. ಪಕ್ಕದಲ್ಲಿ ಮದುಮಗನಾಗಿ ಬಾಗಿ ನಮಸ್ಕರಿಸುತ್ತಿದ್ದವನು ಬಾಗಿನ ತಂದ ಅಣ್ಣ.

ಸಭಾಂಗಣದಲ್ಲಿ ಗುಸುಗುಸು ಎದ್ದಿತು. ಸುಂದರೇಶ ತಲೆದೂಗುವುದನ್ನು ಅರ್ಧಕ್ಕೆ ನಿಲ್ಲಿಸಿದರು.

"ಅಣ್ಣನ್ನೇ ಮದ್ವೆ ಆಯ್ತಾವ್ಳಲ್ಲ" ಎಂದ ಜವರಪ್ಪ, ಗರಡಿಯ ಗಂಟಲಿನಲ್ಲಿ.

ಕೃಷ್ಣಪ್ಪನವರು ಕೆಮ್ಮಿದರು. "ಅಣ್ಣ ಅಂದ್ನಾ? ಅಣ್ಣಂಗೂ ಮಾವಂಗೂ ಅವರ ಭಾಷೇಲಿ ಒಂದೇ ಅಕ್ಷರ. ಅವನು ಸೋದರಮಾವ."

ಸಭೆ ನಿಟ್ಟುಸಿರು ಬಿಟ್ಟಿತು. ಸೋದರಮಾವನಾದರೆ ಆಕ್ಷೇಪಣೆಯೇ ಇಲ್ಲ. ಅಲ್ಲಿದ್ದವರಲ್ಲಿ ಕಾಲುಭಾಗ ಹೆಂಗಸರು ಸೋದರಮಾವನನ್ನೇ ಕಟ್ಟಿಕೊಂಡವರು. "ನಮ್ಮ ಕಡೆ ಥರಾನೇ" ಎಂದು ಮಂಗಳಮ್ಮ ಮೆಚ್ಚಿದರು. ಆದರೆ ಕುಸ್ತಿಯವನು ಒಂದು ಪಟ್ಟು ಹಿಡಿದರೆ ಸುಲಭಕ್ಕೆ ಬಿಡುವುದಿಲ್ಲ.

"ಅಲ್ಲ ಕೃಷ್ಣಪ್ಪಣ್ಣ, ಅವ್ಳು ಆ ಮುದ್ಕಿಗೆ ಆಗ್ಲೇ ಸೊಸೆ ಅಂದ್ರಲ್ಲ? ಸೊಸೆ ಆದ್ಮೇಲೆ ಇವಾಗ ಯಾಕೆ ಮದ್ವೆ? ಮೊದಲ್ನೇ ಗಂಡ ಎಲ್ಲೋದ?"

ಕೃಷ್ಣಪ್ಪನವರು ಪರದೆ ನೋಡಿದರು, ಕೋಲು ನೋಡಿದರು, ಫಲಕವೇನಾದರೂ ಬಂದು ಕಾಪಾಡುತ್ತದೆಯೇ ಎಂದು ಕಾದರು. ಬರಲಿಲ್ಲ. ಮೊದಲನೇ ಗಂಡನನ್ನು ಯುದ್ಧಕ್ಕೆ ಕಳಿಸುವುದೋ ಹಾವಿನಿಂದ ಕಚ್ಚಿಸುವುದೋ ಎಂದು ಅವರು ಯೋಚಿಸುತ್ತಿರುವಾಗ ಮುಂದಿನ ಸಾಲಿನಿಂದ ಒಂದು ಧ್ವನಿ ಎದ್ದಿತು. ಕಿವಿ ಕೇಳದವರು ಪಿಸುಗುಟ್ಟಿದರೂ ಬೀದಿಗೆ ಕೇಳುತ್ತದೆ. ಬೆಟ್ಟಮ್ಮ ಪಿಸುಗುಟ್ಟುತ್ತಿರಲಿಲ್ಲ.

"ಅದೇನು ಅವಾಗಿಂದ ಬಾಯಿ ಆಡ್ಸ್ತಿದ್ದೀಯೋ ಕಿಟ್ಟ? ಅವ್ಳು ಹೆತ್ತವ್ವ ಮಗಳ ಕಳಿಸ್ಕೊಡಕಾಗ್ದೆ ಒಳಗೋಗಿ ಅಳ್ತಾವ್ಳೆ, ನೀನು ಕೋಲ್ ಹಿಡ್ಕೊಂಡು ಅಡ್ಡ ನಿಂತಿದ್ದೀಯ. ಪಕ್ಕಕ್ಕೋಗು."

"ಅತ್ತೆ ಅಲ್ವಾ ಅಜ್ಜಿ?" ಎಂದು ಜವರಪ್ಪ ಕೈಸನ್ನೆ ಮಾಡಿ ಕೇಳಿದ.

"ಯಾವ ಅತ್ತೆ ಅಂಗೆ ಮಾಡ್ತಾಳೆ? ಬಟ್ಲು ಕಿತ್ಕೊಂಡ್ಲಲ್ಲ, ಯಾಕೆ ಕಿತ್ಕೊಂಡ್ಲು? ಆ ಮಗ ತಂಗಳು ಹಾಕ್ಕೊಂಡು ಬಿಸಿದ್ನ ಅವ್ವನ್ಗೆ ಇಟ್ಟಿತ್ತು. ಅವ್ಳು ಬೈದು ತಂಗಳ ತಾನು ತಕ್ಕಂಡು ಬಿಸೀದ ಮಗಳಿಗೆ ಕುಕ್ಕುದ್ಲು. ಹೊಗೆ ಆಡ್ತಿತ್ತು. ಇಷ್ಟೊಂದು ಜನ ಕಣ್ ಬುಟ್ಕೊಂಡು ಕೂತಿದ್ದೀರಿ, ಹೊಗೆ ಕಾಣ್ನಿಲ್ವಾ?"

ಎಲ್ಲರೂ ಹೊಗೆಯನ್ನು ಕಂಡಿದ್ದರು. ಕಂಡಿದ್ದರೂ ಮೈಕಿನ ಮಾತು ಕೇಳುತ್ತ ಕೂತಿದ್ದರು.

"ನಾನೂ ಅದನ್ನೇ ಅಂದ್ಕೊಂಡೆ" ಎಂದರು ಸುಂದರೇಶ.

ಅಲ್ಲಿಂದಾಚೆಗೆ ಸಭಾಂಗಣದ ಆಡಳಿತ ಬೆಟ್ಟಮ್ಮನವರ ಕೈಗೆ ಹೋಯಿತು. ಮುಂದಿನ ಫಲಕ ಬಂದಾಗ ಒಬ್ಬನಾದರೂ ವೇದಿಕೆಯ ಕಡೆ ನೋಡಲಿಲ್ಲ. ಜವರಪ್ಪ ಬಾಗಿ, "ಅಜ್ಜಿ, ಏನಂತ ಬರ್ದವ್ರೆ?" ಎಂದು ಮತ್ತೆ ಸನ್ನೆಯಲ್ಲಿ ಕೇಳಿದ. "ಓದೋದ್ ಯಾಕೆ, ಅವ್ಳ ಮೊಕ ನೋಡು" ಎಂದರು ಬೆಟ್ಟಮ್ಮ.

ತಾಯಿ ಹೇಳಿದ್ದನ್ನು ಮಾಡುವ ಅಭ್ಯಾಸಬಲದಿಂದ ಕೃಷ್ಣಪ್ಪನವರೂ ನೋಡಿದರು. ಆವರೆಗೆ ಅವರು ಜನರನ್ನು ನೋಡಿದ್ದರು, ಹೆಂಡತಿಯನ್ನು ನೋಡಿದ್ದರು, ಕೋಲಿನ ತುದಿಯನ್ನು ನೋಡಿದ್ದರು. ಚಿತ್ರವನ್ನು ನೋಡಿರಲಿಲ್ಲ. ಈಗ ಕೋಲು ಕೆಳಗಿಟ್ಟು ಕುರ್ಚಿ ತಿರುಗಿಸಿ ಕೂತರು.

ನದಿಯ ದಂಡೆ. ಗಂಡನ ಜೊತೆ ಹುಡುಗಿ ದೋಣಿ ಹತ್ತುತ್ತಿದ್ದಾಳೆ. ಮುದುಕಿ ಅವಳ ಗಂಟು ಕಟ್ಟಿದ್ದು ಸರಿಯಿಲ್ಲವೆಂದು ಬಯ್ಯುತ್ತಿದ್ದಾಳೆ, ಚಳಿಗೆ ಕಿವಿ ಮುಚ್ಚಿಲ್ಲವೆಂದು ಬಯ್ಯುತ್ತಿದ್ದಾಳೆ, ದೋಣಿಯವನು ತಡಮಾಡಿದನೆಂದು ಅವನನ್ನೂ ಬಯ್ಯುತ್ತಿದ್ದಾಳೆ. ದೋಣಿ ದೂರ ಹೋದ ಮೇಲೂ ಅವಳ ಬಾಯಿ ಆಡುತ್ತಲೇ ಇದೆ. ಕೈಯ ಲಾಟೀನನ್ನು ಮಾತ್ರ ಇಳಿಸದೆ ಎತ್ತಿ ಹಿಡಿದೇ ಇದ್ದಾಳೆ. ಆಮೇಲೆ ಮನೆ. ಮುದುಕಿ ಒಲೆ ಹಚ್ಚುತ್ತಾಳೆ. ಎರಡು ಬಟ್ಟಲು ಇಡುತ್ತಾಳೆ. ಒಂದಕ್ಕೆ ಬಿಸಿಯದನ್ನು ಬಡಿಸಿ, ಇನ್ನೊಂದಕ್ಕೆ ತಂಗಳು ಹಾಕಿಕೊಂಡು ಕೂತು, ಎದುರಿನ ಬಟ್ಟಲನ್ನು ನೋಡುತ್ತಾಳೆ. ಬಿಸಿಯದನ್ನು ತಾನು ತಿನ್ನಲು ಮನಸ್ಸಾಗದೆ ಮತ್ತೆ ಮಡಕೆಗೇ ಸುರಿಯುತ್ತಾಳೆ.

ಸಭಾಂಗಣದಲ್ಲಿ ಪಿನ್ನು ಬಿದ್ದರೂ ಕೇಳಿಸುವಂತಿತ್ತು. ಕೇಳಿಸಿದ್ದು ಮಾತ್ರ ಕೃಷ್ಣಪ್ಪನವರು ಮೂಗು ಸೇದಿದ್ದು, ಮೈಕಿನ ಮೂಲಕ, ನಾಲ್ಕೂ ಮೂಲೆಯ ಸ್ಪೀಕರುಗಳಿಂದ. ಯಾರೂ ನಗಲಿಲ್ಲ. ಪೈಲ್ವಾನರ ಸಾಲಿನಲ್ಲಿ ಟವೆಲ್ಲು ಕೈಯಿಂದ ಕೈಗೆ ಹೋಗುತ್ತಿತ್ತು. ಫೈಟಿಂಗ್ ವಿಷಯವನ್ನು ಯಾರೂ ಎತ್ತಲಿಲ್ಲ.

ಏನಾದರೂ ಹೇಳಬೇಕಲ್ಲ ಎಂದು ಕೃಷ್ಣಪ್ಪನವರು ವೇದಿಕೆಯ ಅಂಚಿಗೆ ಬಂದು ತಾಯಿಯ ಕಡೆ ಬಾಗಿ, ಕಿವಿಯ ಹತ್ತಿರ ಮೈಕು ಹಿಡಿದು, "ಅವ್ವ, ಮುಂದೇನಾಗ್ತದೆ ಹೇಳಲಾ?" ಎಂದರು.

"ಸುಮ್ಕಿರೋ ಕಿಟ್ಟ" ಎಂದರು ಬೆಟ್ಟಮ್ಮ ಪರದೆ ನೋಡುತ್ತಲೇ. "ನಂಗೆ ಕೇಳ್ತಾ ಅದೆ."

ಚಿತ್ರ ಮುಗಿದು ದೀಪ ಹತ್ತಿದಾಗ ಕೃಷ್ಣಪ್ಪನವರು ಮೈಕಿನ ಮುಂದೆ ಬಂದು ನಿಂತರು. ಅವರ ಮನಸ್ಸು ತುಂಬಿತ್ತು. ಹೆತ್ತವರು ಮಕ್ಕಳ ಮುಂದೆ ಆಡುವ ಸುಳ್ಳು ಬೇರೆ, ತಾವು ಊರ ಮುಂದೆ ಆಡಿದ ಸುಳ್ಳು ಬೇರೆ ಎನ್ನಿಸಿತು. ಆ ಮುದುಕಿಯ ಎದುರಿಗೆ ಇನ್ನೂ ಬಣ್ಣ ಹಚ್ಚಿಕೊಂಡು ನಿಲ್ಲಲು ಅವರಿಗೆ ನಾಚಿಕೆಯಾಯಿತು. ಹಿಂದಿನ ಸಾಲಿನ ಕಡೆ ನೋಡುವ ಧೈರ್ಯವಾಗದೆ, ಚಾವಣಿಯ ಫ್ಯಾನು ನೋಡುತ್ತ ಸ್ಪಷ್ಟವಾಗಿ ಹೇಳಿದರು:

"ಸಭಿಕರೇ, ನನಗೆ ಚೀನೀ ಭಾಷೆ ಬರೋದಿಲ್ಲ. ಒಂದಕ್ಷರಾನೂ ಬರೋದಿಲ್ಲ."

ಆಮೇಲೆ ಸುಂದರೇಶ ಎದ್ದು ಚಪ್ಪಾಳೆ ತಟ್ಟತೊಡಗಿದರು.

"ಎಂಥ ವಿನಯ" ಎಂದರು ಗದ್ಗದರಾಗಿ. "ನಾನು ಸರ್ವೀಸಿನಲ್ಲಿ ಎಷ್ಟೋ ಪಂಡಿತರನ್ನ ನೋಡಿದೀನಿ. ಮೊದಲು ಒಬ್ಬರು ಬೇಕಂತ ತಪ್ಪು ಕಥೆ ಹೇಳೋದು, ಮಾತು ನಂಬಿದ್ರೆ ಹೇಗೆ ಮೋಸ ಹೋಗ್ತೀವಿ ಅಂತ ತೋರಿಸೋದು. ಆಮೇಲೆ ಈ ತಾಯಿ ಎದ್ದು ಚಿತ್ರ ಹೇಗೆ ನೋಡಬೇಕು ಅಂತ ಕಲಿಸೋದು. ಹೊಸ ಪ್ರಯೋಗ ಇದು. ವಿಜಯ್‌ಕುಮಾರ್ ಅವರೇ, ಮೊದಲೇ ಯೋಚನೆ ಮಾಡಿದ್ದಲ್ವಾ?"

ವಿಜಯ್‌ಕುಮಾರ್ ಷಡ್ಡಕನ ಮುಖ ನೋಡಿದರು, ಅನುದಾನದ ಮುಖ ನೋಡಿದರು. ಜೀವಮಾನವೆಲ್ಲ ಸತ್ಯವಾದ ಸಿನಿಮಾಗಳನ್ನಷ್ಟೇ ನೋಡಿ ಬಂದಿದ್ದ ಮನುಷ್ಯ.

"ಹೌದು ಸಾರ್" ಎಂದರು. "ತಿಂಗಳಿಂದ ಪ್ರಾಕ್ಟೀಸ್ ಮಾಡಿಸಿದೀವಿ."

ಕೃಷ್ಣಪ್ಪನವರಿಗೆಂದು ತಂದಿದ್ದ ಮೈಸೂರು ಪೇಟ ತಟ್ಟೆಯಲ್ಲಿ ಕಾಯುತ್ತಿತ್ತು. ಸುಂದರೇಶ ಅದನ್ನೆತ್ತಿ ಎರಡು ತಲೆಗಳ ನಡುವೆ ಅನುಮಾನಿಸುತ್ತಿರುವಾಗ ಕೃಷ್ಣಪ್ಪನವರೇ ಅದನ್ನು ಇಸಿದುಕೊಂಡು, ಮೆಟ್ಟಿಲಿಳಿದು, ತಾಯಿಯ ತಲೆಗಿಟ್ಟರು. ಪೈಲ್ವಾನರು ಶಿಳ್ಳೆ ಹಾಕಿದರು. ಇದು ತೀರ್ಥಪ್ರಸಾದದ ಏರ್ಪಾಡಿರಬೇಕೆಂದು ಬೆಟ್ಟಮ್ಮ ಕೈ ಮುಂದೆ ಚಾಚಿದರು. ಹಣ್ಣಿನ ಬುಟ್ಟಿಯನ್ನು ಆ ಕೈಗಿಟ್ಟರು.

ಕೃಷ್ಣಪ್ಪನವರು ಇನ್ನು ತಡೆಯಲಾರದೆ ಹಿಂದಿನ ಸಾಲಿನ ಕಡೆ ನೋಡಿದರು. ಚಾಮುಂಡೇಶ್ವರಿ ತಲೆ ತಗ್ಗಿಸಿ ಕೂತಿದ್ದರು. ಪ್ರೇಮಲೀಲಾ ಆ ಕಡೆ ವಾಲಿ, ಸುತ್ತಲಿನವರಿಗೆಲ್ಲ ಕೇಳಿಸುವಂತೆ ಹೇಳುತ್ತಿದ್ದರು:

"ಕೇಳಿದ್ಯೇನೇ ಚಾಮು? ಒಂದಕ್ಷರಾನೂ ಬರಲ್ವಂತೆ. ಅವರ ಬಾಯಲ್ಲೇ ಅಂದ್ರು. ನೀನು ನೋಡಿದ್ರೆ ಮನೆಮನೆಗೆ ಹೇಳ್ಕೊಂಡು ಬಂದಿದ್ಯಲ್ಲ."

ಚಾಮುಂಡೇಶ್ವರಿ ಸೆರಗಿನಿಂದ ಕಣ್ಣೊರೆಸಿಕೊಂಡು ಮುಖವೆತ್ತಿದರು. ಅತ್ತಿದ್ದು ಗಂಡನಿಗಾಗಿ ಅಲ್ಲ, ಆ ಎರಡು ಬಟ್ಟಲಿಗಾಗಿ ಎಂಬುದು ಆಗ ಕಾಣಿಸಿತು. ಪೇಟ ತೊಟ್ಟು ಕೂತಿದ್ದ ಅತ್ತೆಯನ್ನು ನೋಡಿದರು. ವೇದಿಕೆಯ ಕೆಳಗೆ ಬರಿದಲೆಯಲ್ಲಿ ನಿಂತಿದ್ದ ಗಂಡನನ್ನು ನೋಡಿದರು. ಆಮೇಲೆ ಅಕ್ಕನ ಕಡೆ ತಿರುಗಿದರು.

"ನಮ್ಮನೇಲಿ ಎಲ್ಲರಿಗೂ ಬರುತ್ತೆ ಅಕ್ಕ" ಎಂದರು. "ಇವರಿಗೆ ಸ್ವಲ್ಪ ಕಮ್ಮಿ."